ಬ್ರೋಕರು ಹೇಳದೆ ಬಿಟ್ಟ ಮಾತು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಮನೆ ಕೊಂಡು ನೋಡು ಎಂದು ಅವರು ಹೇಳಲಿಲ್ಲ. ಅವರ ಕಾಲದಲ್ಲಿ ಫ್ಲ್ಯಾಟ್ ಎಲ್ಲಿತ್ತು! ಕೆಲಸದ ಮೇಲೆ ಚೆನ್ನೈಗೆ ಬಂದು, ಹತ್ತು ಹದಿನೈದು ವರ್ಷ ಬಾಡಿಗೆ ಕಟ್ಟಿ, ಇನ್ನು ಇಲ್ಲೇ ನೆಲೆಯೂರೋಣ ಎಂದುಕೊಳ್ಳುವ ನಮ್ಮಂಥವರಿಗೆ ಮೊದಲು ಎದುರಾಗುವವರೇ ಬ್ರೋಕರು. ಇವತ್ತಿನ ಮಾತು ಅವರ ಬಗ್ಗೆ.

ಎಲ್ಲ ಬ್ರೋಕರೂ ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಊರು ಗೊತ್ತಿಲ್ಲದವರಿಗೆ ಒಳ್ಳೆಯ ಬ್ರೋಕರು ದೊಡ್ಡ ಆಸರೆ. ಆದರೆ ತೊಂದರೆ ಇರುವುದು ಸುಳ್ಳಿಗಿಂತ ಹೆಚ್ಚಾಗಿ ಮೌನದಲ್ಲಿ. "ಗಾಳಿ ಬೆಳಕು ಚೆನ್ನಾಗಿದೆ ಸಾರ್, ಸ್ಟೇಷನ್ನಿಗೆ ಐದೇ ನಿಮಿಷ" ಎನ್ನುವವರು, ಮಳೆಗಾಲದಲ್ಲಿ ಈ ಬೀದಿಯಲ್ಲಿ ಎಷ್ಟು ನೀರು ನಿಲ್ಲುತ್ತದೆ ಎಂದು ತಾವಾಗಿ ಹೇಳುವುದಿಲ್ಲ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ. ಲೆಕ್ಕ ಸರಿಹೋಯಿತು!

2015ರ ಡಿಸೆಂಬರ್ ನೆನಪಿದೆಯಲ್ಲ? ಮುಡಿಚ್ಚೂರು, ವೇಳಚ್ಚೇರಿ ಕಡೆ ದೋಣಿಯಲ್ಲಿ ಜನರನ್ನು ಸಾಗಿಸಬೇಕಾಯಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚ್ಚೇರಿ, ಪಳ್ಳಿಕರಣೈ ಮತ್ತೆ ಮುಳುಗಿದವು. ಹೊಸ ಬಣ್ಣ ಬಳಿದ ಗೋಡೆ ಇದನ್ನು ಹೇಳುವುದಿಲ್ಲ. ಬೀದಿ ಮೂಲೆಯ ಇಸ್ತ್ರಿಯವರು ಹೇಳುತ್ತಾರೆ, ಪಕ್ಕದ ಕಟ್ಟಡದ ವಾಚ್‌ಮನ್ ಹೇಳುತ್ತಾರೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅವರನ್ನು ಕೇಳಿ. ಸಾಧ್ಯವಾದರೆ ನವೆಂಬರ್ ತಿಂಗಳ ಮಳೆಯಲ್ಲೇ ಹೋಗಿ ಮನೆ ನೋಡಿ.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಆಸ್ತಿಯಲ್ಲೋ ಹಕ್ಕುಪತ್ರದಲ್ಲೋ ಇರುವ ಮುಖ್ಯ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಕೊಳ್ಳುವವರಿಗೆ ತಿಳಿಸಬೇಕು. ಆದರೆ ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಈ ಹೊಣೆ ಮಾರುವವರದ್ದು, ಬ್ರೋಕರ ಹೆಸರು ಅಲ್ಲಿಲ್ಲ. ಮತ್ತೆ, ನೀವು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅಂದರೆ ಅಕ್ಕಪಕ್ಕದಲ್ಲಿ ವಿಚಾರಿಸುವುದು ಕೊಳ್ಳುವವರ ಪಾಲಿನ ಕೆಲಸ.

ಹೊಸ ಕಟ್ಟಡಗಳ ವಿಷಯದಲ್ಲಿ ಸ್ಥಿತಿ ಸ್ವಲ್ಪ ಮೇಲು. 2016ರ ರೇರಾ ಕಾಯ್ದೆಯಂತೆ, ನೋಂದಾಯಿತ ಯೋಜನೆಯ ಮನೆ ಮಾರಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಿರಬೇಕು. ಇಲ್ಲದ ಸೌಲಭ್ಯ ಇದೆ ಎನ್ನುವಂತಿಲ್ಲ. ಬುಕಿಂಗ್ ವೇಳೆಗೆ ನಿಮಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳು ಸಿಗುವಂತೆ ನೋಡಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿ ದಂಡ, ಒಟ್ಟು ಮನೆಬೆಲೆಯ ಶೇ. 5ರವರೆಗೆ. ಆದ್ದರಿಂದ ಏಜೆಂಟರ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಆದರೆ ಒಬ್ಬರು ವಾಸವಿದ್ದ ಹಳೆಯ ಮನೆಯನ್ನು ನೀವು ಕೊಳ್ಳುವಾಗ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಅಲ್ಲಿ ನಿಮ್ಮ ಜಾಗ್ರತೆಯೇ ನಿಮಗೆ ರಕ್ಷಣೆ.

ನಿವೇಶನ ಕೊಳ್ಳುವವರಿಗೆ ಇನ್ನೊಂದು ಮಾತು. "ಪಂಚಾಯತ್ ಅಪ್ರೂವ್ಡ್" ಎಂಬ ಬೋರ್ಡು ಹಾಕಿ ಮಾರಿದ ಸೈಟುಗಳು ಈ ಊರಿನ ಸುತ್ತಮುತ್ತ ಬಹಳ. 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಅನುಮೋದನೆ ಇಲ್ಲದ ಸೈಟುಗಳ ನೋಂದಣಿಗೆ ತಡೆ ಹಾಕಿತು. ಮಗಳ ಮದುವೆಗೆ ಸೈಟು ಮಾರೋಣ ಎಂದಿದ್ದವರ ಕೈ ಕಟ್ಟಿಹಾಕಿದಂತಾಯಿತು. 2017ರಲ್ಲಿ ಸರ್ಕಾರ ಸಕ್ರಮ ಯೋಜನೆ ತಂದಿತು ನಿಜ, ಆದರೆ ಅದಕ್ಕೂ ಶುಲ್ಕ, ಅಲೆದಾಟ. ಬಡಾವಣೆಗೆ ಸಿ.ಎಂ.ಡಿ.ಎ. ಅಥವಾ ಡಿ.ಟಿ.ಸಿ.ಪಿ. ಅನುಮೋದನೆ ಇದೆಯೇ, ಅದರ ಸಂಖ್ಯೆ ಏನು ಎಂದು ಕೇಳಿ.

ಇನ್ನು ಸಾಲದ ವಿಷಯ. ಊರಿನಲ್ಲಿ ಖಾತೆ, ಪಹಣಿ ನೋಡಿ ಅಭ್ಯಾಸವಾದ ನಮಗೆ ಇಲ್ಲಿ ಪಟ್ಟಾ, ವಿಲ್ಲಂಗ ಸಾನ್ರಿದಳ್ ಎಂಬ ಹೆಸರುಗಳು ಹೊಸವು. ಎರಡನೆಯದು ನಮ್ಮ ಋಣಭಾರ ಪ್ರಮಾಣಪತ್ರ, ಎಲ್ಲರ ಬಾಯಲ್ಲಿ ಇ.ಸಿ. ತಮಿಳುನಾಡು ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಇದನ್ನು ನೀವೇ ನೋಡಬಹುದು. ಆದರೆ ಇ.ಸಿ. ಶುದ್ಧವಾಗಿದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಮೂಲ ಪತ್ರಗಳನ್ನು ಒಪ್ಪಿಸಿಟ್ಟು ಸಾಲ ಪಡೆಯುವ ಒಂದು ಬಗೆಯ ಅಡಮಾನವಿದೆ. ಅದನ್ನು ಮಾಡಬಹುದಾದ ಪಟ್ಟಣಗಳೆಂದು 1882ರ ಕಾಯ್ದೆ ಆಗಲೇ ಕಲ್ಕತ್ತ, ಮದ್ರಾಸು, ಬಾಂಬೆಗಳನ್ನು ಹೆಸರಿಸಿತ್ತು. ಅದು ನೋಂದಣಿಯಾಗಿರದಿದ್ದರೆ ಇ.ಸಿ.ಯಲ್ಲಿ ಕಾಣುವುದಿಲ್ಲ. ಹಾಗಾಗಿ ಜೆರಾಕ್ಸ್ ಪ್ರತಿ ತೋರಿಸಿ "ಒರಿಜಿನಲ್ ಊರಲ್ಲಿದೆ ಸಾರ್" ಎಂದರೆ ಅಡ್ವಾನ್ಸ್ ಕೊಡಬೇಡಿ. ಜಿ.ಪಿ.ಎ. ಹಿಡಿದುಕೊಂಡು, ಕ್ರಯಪತ್ರ ಇಲ್ಲದೆ ಮನೆ ಕೊಡುತ್ತೇವೆ ಎಂದರೂ ಒಪ್ಪಬೇಡಿ. ಹಾಗೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ತಮಿಳು ಓದಲು ಬಾರದವರು ಮತ್ತೊಂದು ಎಚ್ಚರ ವಹಿಸಬೇಕು. ಪತ್ರವನ್ನು ಬ್ರೋಕರ ಕೈಯಲ್ಲೇ ಓದಿಸಿಕೊಂಡು ಸುಮ್ಮನಾಗಬೇಡಿ. ಆಫೀಸಿನ ತಮಿಳು ಗೆಳೆಯರಿಂದ ಒಮ್ಮೆ ಓದಿಸಿ. ವಕೀಲರನ್ನು ನೀವೇ ಹುಡುಕಿ, ಫೀಸು ನೀವೇ ಕೊಡಿ. ಬ್ರೋಕರೇ ಕರೆತಂದ ವಕೀಲರು ಯಾರ ಪರ ಎಂಬ ಅನುಮಾನ ಉಳಿದೇ ಉಳಿಯುತ್ತದೆ.

ಕೊನೆಯದಾಗಿ, ಬ್ರೋಕರಿಗೇ ಕೇಳಬೇಕಾದ ಪ್ರಶ್ನೆ: "ಮಾರುವವರಿಂದಲೂ ನೀವು ಕಮಿಷನ್ ತೆಗೆದುಕೊಳ್ಳುತ್ತೀರಾ? ಈ ಮನೆಯಲ್ಲಿ ನಿಮ್ಮದೋ ನಿಮ್ಮ ನೆಂಟರದೋ ಪಾಲಿದೆಯಾ?" ಕಮಿಷನ್ ಶೇಕಡಾವಾರು ಲೆಕ್ಕದಲ್ಲಿರುತ್ತದೆ. ಬೆಲೆ ಏರಿದರೆ ಅವರ ಪಾಲೂ ಏರುತ್ತದೆ. ಹಾಗಿರುವಾಗ ಬೆಲೆ ಇಳಿಸಲು ಅವರು ನಿಮ್ಮ ಪರವಾಗಿ ಎಷ್ಟು ಹಟ ಹಿಡಿದಾರು? ನಿಮ್ಮ ಏಜೆಂಟರಾಗಿ ನಿಂತವರು ತಮ್ಮ ಸ್ವಂತ ಸ್ವತ್ತನ್ನೇ ಗುಟ್ಟಾಗಿ ನಿಮಗೆ ದಾಟಿಸಿದರೆ, 1872ರ ಕರಾರು ಕಾಯ್ದೆಯಡಿ ಆ ವ್ಯವಹಾರವನ್ನು ನಿರಾಕರಿಸುವ ದಾರಿ ನಿಮಗಿದೆ.

ಈ ಪ್ರಶ್ನೆಗಳನ್ನೆಲ್ಲ ಬಾಯಲ್ಲಿ ಕೇಳಿ ಬಿಡಬೇಡಿ. ನೀರು, ಅನುಮೋದನೆ, ಸಾಲ, ಕಮಿಷನ್, ಈ ನಾಲ್ಕನ್ನೂ ಫೋನಿನಲ್ಲಿ ಮೆಸೇಜ್ ಬರೆದು ಕಳುಹಿಸಿ, ಬರಹದಲ್ಲೇ ಉತ್ತರ ಕೇಳಿ. ನೇರವಾಗಿ ಬರೆದು ಕೊಡುವವರ ಜೊತೆ ಮುಂದಿನ ಮಾತು ಆಡಬಹುದು. "ನನ್ನ ಮೇಲೆ ನಂಬಿಕೆ ಇಲ್ಲವಾ ಸಾರ್?" ಎಂದು ಬೇಸರಿಸಿಕೊಳ್ಳುವವರಿಗೆ ಕೈಮುಗಿದು ಇನ್ನೊಂದು ಮನೆ ನೋಡಿ. ಚೆನ್ನೈಯಲ್ಲಿ ಮನೆಗಳು ಬೇಕಾದಷ್ಟಿವೆ, ನಿಮ್ಮ ಇಪ್ಪತ್ತು ವರ್ಷದ ಉಳಿತಾಯ ಮಾತ್ರ ಒಂದೇ.