'ಹೊಳ್ಳಿ ನೋಡಂಗಿಲ್ರಿ' ಅಂದರೆ ಡಾಕ್ಟರಿಗೆ ತಿಳಿಯಬೇಕು
(ವಿಜಯಪುರದ ಇಬ್ರಾಹಿಂಪುರದಲ್ಲಿ ಆಡಿದ ಮಾತುಗಳು, ಓದುಗರಿಗಾಗಿ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ, ಅಪ್ಪನ ಟ್ರೆಡಲ್ ಮಶೀನಿನ ಮುಂದೆ ನಿಂತು ಕೆಲಸ ಕಲಿತು, ಈಗ ಇಲ್ಲೇ ಒಂದು ಸಣ್ಣ ಪ್ರೆಸ್ಸು ನಡೆಸುತ್ತಿರುವವನು. ಲಗ್ನಪತ್ರಿಕೆ, ರಸೀದಿ ಬುಕ್ಕು, ಕರಪತ್ರ, ಡಾಕ್ಟರುಗಳ ಚೀಟಿ, ಇವೇ ನನ್ನ ಅನ್ನ. ಆ ಚೀಟಿಯ ಮೇಲೆ ಕನ್ನಡವೂ ಇರಲಿ ಸರ್ ಎಂದು ಕೇಳಿ ಕೇಳಿ ಬಾಯಿ ನೋಯಿಸಿಕೊಂಡವನೂ ಹೌದು. ಇವತ್ತಿನದು ಬೋರ್ಡಿನ ಕನ್ನಡದ ಮಾತಲ್ಲ. ಮಾತೇ ಬಾರದ ಕೂಸುಗಳ ಮಾತು.

ನಮ್ಮ ಪ್ರೆಸ್ಸಿಗೆ ಬೈಂಡಿಂಗ್ ಕೆಲಸಕ್ಕೆ ಬರುವ ತಂಗಿಯೊಬ್ಬಳಿದ್ದಾಳೆ. ಅವಳ ಗಂಡುಕೂಸು ಎರಡು ವರ್ಷ ತುಂಬಿದರೂ 'ಅವ್ವ' ಅನ್ನಲಿಲ್ಲ. ಒಂದು ಖಾಸಗಿ ದವಾಖಾನೆಗೆ ಹೋದಳು, ಹೆಸರು ಬೇಡ. "ಕರದ್ರ ಹೊಳ್ಳಿ ನೋಡಂಗಿಲ್ರಿ" ಎಂದು ಹೇಳಿದಳು. ಡಾಕ್ಟರು ಹೊರ ರಾಜ್ಯದವರು, ಹೊಸಬರು. ಸಿಸ್ಟರು ಅವಸರದಲ್ಲಿ "ಕೂಸು ಹೇಳಿದ ಮಾತು ಕೇಳೋದಿಲ್ಲವಂತೆ" ಎಂದು ಹಿಂದಿಯಲ್ಲಿ ತಿರುಗಿಸಿದರು. ಹಟಮಾರಿ ಎಂದುಕೊಂಡು ಟಾನಿಕ್ ಬರೆದರು. ಒಂದು ವರ್ಷ ಹಾಗೇ ಹೋಯಿತು!

ಓದುಗರೆ, ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದಿದ್ದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಕಿವಿ ಸರಿ ಇದ್ದರೆ ಆಟಿಸಂ ಇದೆಯೇ ಎಂದು ನೋಡಬೇಕು. ಆ ತಾಯಿ ರೋಗಲಕ್ಷಣವನ್ನು ಕರಾರುವಾಕ್ಕಾಗಿ ಹೇಳಿದ್ದಳು. ಕೇಳುವ ಕಿವಿ ಅಲ್ಲಿರಲಿಲ್ಲ. ಬೆಂಗಳೂರು ಕಡೆಯ ಕನ್ನಡಿಗ ಡಾಕ್ಟರೇ ಇದ್ದರೂ 'ಹೊಳ್ಳಿ' ಅಂದರೆ ಏನು ಎಂದು ಕಣ್ಣು ಬಿಡುತ್ತಿದ್ದರೇನೋ. ಅದನ್ನೂ ಒಪ್ಪಿಕೊಳ್ಳೋಣ.

ಆಮೇಲೆ ಬೇರೊಬ್ಬರು ಆಟಿಸಂ ಎಂದು ಗುರುತಿಸಿದರು. ಅವರಿಗೆ ಕೈಮುಗಿಯುತ್ತೇನೆ. ಆದರೆ ಕೊಟ್ಟ ಸಲಹೆ ಏನು ಗೊತ್ತೆ? "ಮನೆಯಲ್ಲಿ ಕನ್ನಡ ಬಿಡಿ, ಸ್ಕೂಲಿನ ಇಂಗ್ಲಿಷ್ ಒಂದನ್ನೇ ಆಡಿ. ಎರಡು ಭಾಷೆಯಾದರೆ ಮಗು ಗೊಂದಲಕ್ಕೆ ಬೀಳುತ್ತದೆ." ಏಳನೆತ್ತೆ ಕಲಿತ ತಾಯಿ ಯಾವ ಇಂಗ್ಲಿಷ್ ಆಡಬೇಕು? 'ಕಮ್', 'ಸಿಟ್', 'ಈಟ್' ಎಂಬ ಮೂರು ಪದ ಕಲಿತಳು. ಅವು ಮುಗಿದ ಮೇಲೆ ಕೂಸಿನ ಮುಂದೆ ಸುಮ್ಮನೆ ಕೂತಳು. ಜೋಗುಳವನ್ನೂ ನಿಲ್ಲಿಸಿದಳು. ಮಾತು ಬರಲಿ ಎಂದು ಹೋದರೆ ತಾಯಿಯ ಮಾತನ್ನೇ ಕಸಿದುಕೊಂಡು ಕಳಿಸಿದರು!

ಇದು ಶುದ್ಧ ತಪ್ಪು ಸಲಹೆ. ಎರಡು ಭಾಷೆ ಕೇಳುತ್ತ ಬೆಳೆಯುವ ಆಟಿಸಂ ಮಕ್ಕಳು, ಡೌನ್ ಸಿಂಡ್ರೋಮ್ ಮಕ್ಕಳು, ಅದೇ ಕಾರಣಕ್ಕೆ ಹಿಂದೆ ಬೀಳುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಸಂಶೋಧನೆಗಳು ತೋರಿಸಿವೆ. ಹೆತ್ತವರು ತಮಗೆ ಸಲೀಸಾದ ಭಾಷೆಯಲ್ಲಿ ಎಷ್ಟು ಹೆಚ್ಚು ಮಾತಾಡಿದರೆ ಅಷ್ಟು ಒಳ್ಳೆಯದು.

ಡಾಕ್ಟರೊಬ್ಬರನ್ನೇ ಬಯ್ದು ಪ್ರಯೋಜನವಿಲ್ಲ. ಅವರಿಗೆ ಕಲಿಸಿದವರಾರು? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 47ನೇ ಕಲಂ ಓದಿ ನೋಡಿ. ಡಾಕ್ಟರು, ನರ್ಸು, ಆಶಾ, ಅಂಗನವಾಡಿ ಕಾರ್ಯಕರ್ತೆಯರ ಶಿಕ್ಷಣದಲ್ಲಿ ಅಂಗವಿಕಲತೆಯ ವಿಷಯ ಸೇರಿಸಬೇಕು ಎಂದು ಅಲ್ಲಿ ಬರೆದಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇದ್ದವು, ಇದರಲ್ಲಿ 21, ಆಟಿಸಂ ಕೂಡ ಸೇರಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು. ತಂಡದಲ್ಲಿರುವವರು ಆಯುಷ್ ಡಾಕ್ಟರುಗಳು, ಒಬ್ಬ ನರ್ಸು, ಒಬ್ಬ ಫಾರ್ಮಸಿಸ್ಟು. ನಮ್ಮ ಕೂಸನ್ನು ಮೊದಲು ಗುರುತಿಸಬೇಕಾದವರು ಇವರೇ, ದೊಡ್ಡ ಸ್ಪೆಷಲಿಸ್ಟ್ ಅಲ್ಲ. ತರಬೇತಿ ಗಟ್ಟಿಯಾಗಬೇಕಾದದ್ದು ಇಲ್ಲಿ.

ಕನ್ನಡದಲ್ಲಿ ಇದೆಲ್ಲ ಆಗದು ಎನ್ನುವವರಿಗೆ ಮೈಸೂರು ತೋರಿಸಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದ್ದು 1965ರಲ್ಲಿ. ಮಕ್ಕಳ ಉಚ್ಚಾರ ಅಳೆಯುವ ಕನ್ನಡದ್ದೇ ಪರೀಕ್ಷೆ 1972ರಲ್ಲೇ ಸಿದ್ಧವಾಗಿತ್ತು. ನಾನು ಹುಟ್ಟುವ ಮೊದಲೇ! ಆದರೆ ಇಲ್ಲಿಂದ ಮೈಸೂರಿಗೆ ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಕಳೆಯಬೇಕು, ಎರಡು ದಿನದ ಪಗಾರ ಹೋಗಬೇಕು. ನಮ್ಮೂರಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ, 1984ರ ಅಲ್-ಅಮೀನ್, 1986ರ ಬಿ.ಎಂ. ಪಾಟೀಲ. ಮೈಸೂರಿನ ವಿದ್ಯೆ ಇಲ್ಲಿಗೆ ಬಂದು, ತಿಕೋಟಾ ಬಬಲೇಶ್ವರದ ಆಶಾ ತಂಗಿಯರವರೆಗೆ ಮುಟ್ಟಬೇಕು. ನಮ್ಮ ಸೀಮೆಯ ಕನ್ನಡದಲ್ಲೇ ಮುಟ್ಟಬೇಕು. ತಾಂಡಾದ ತಾಯಿ ಲಂಬಾಣಿಯಲ್ಲಿ, ಓಣಿಯ ಮುಸಲ್ಮಾನ ತಾಯಿ ದಖನಿಯಲ್ಲಿ ಹೇಳಿದರೂ ಅರ್ಥವಾಗಬೇಕು. ಕನ್ನಡಕ್ಕೆ ಕೇಳುವ ನ್ಯಾಯ ಅವರಿಗೂ ಸಲ್ಲಬೇಕು.

ನೀವು ಮನೆಯಲ್ಲಿ ನೋಡಬಹುದಾದ್ದು ಇಷ್ಟು. ಎರಡು ತಿಂಗಳಿಗೆ ಕೂಸು ಮುಖ ನೋಡಿ ನಗಬೇಕು. ನಾಲ್ಕೈದು ತಿಂಗಳಿಗೆ ಕುತ್ತಿಗೆ ನಿಲ್ಲಬೇಕು. ಒಂದೂವರೆ ವರ್ಷಕ್ಕೆ ನಡೆಯಬೇಕು. ಎರಡಕ್ಕೆ 'ಅವ್ವಾ ಬಾ' ಎಂದು ಎರಡು ಪದ ಕೂಡಿಸಬೇಕು. ಇಲ್ಲವಾದರೆ 'ಅವರಪ್ಪನೂ ತಡವಾಗಿ ಮಾತಾಡಿದ್ದ' ಎನ್ನುತ್ತ ಕೂಡಬೇಡಿ. ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಾತು ತಿಳಿಯದಿದ್ದರೆ ತಿಳಿಯುವವರನ್ನು ಕರೆಸಿ ಎಂದು ಕೇಳಿ, ಸಂಕೋಚ ಬೇಡ.

ಈ ಸೀಮೆಯ ತಾಯಂದಿರು ಕೂಸಿನ ಬಗ್ಗೆ ಆಡುವ ಮಾತುಗಳ ಒಂದು ಪುಟ್ಟ ಪುಸ್ತಕ ಆಗಬೇಕು, ಎದುರಿಗೆ ವೈದ್ಯರ ಅರ್ಥ. 'ಹೊಳ್ಳಿ ನೋಡಂಗಿಲ್ಲ', 'ಕುತಗಿ ನಿಂತಿಲ್ಲ', ಹೀಗೆ. ಕಾಗದ ನನ್ನದು, ಮಸಿ ನನ್ನದು, ಬೈಂಡಿಂಗ್ ಆ ತಂಗಿಯೇ ಮಾಡುತ್ತೇನೆ ಅಂದಿದ್ದಾಳೆ. ಬರೆದುಕೊಡುವ ಮಕ್ಕಳ ಡಾಕ್ಟರೊಬ್ಬರು ಬೇಕಾಗಿದ್ದಾರೆ.