ಎಂಟು ಗಂಟೆ ಅಂದರೆ ಎಷ್ಟು ಹೊತ್ತು?



ಲಕ್ವ ಹೊಡೆಯಿತು ಅನ್ನುತ್ತೇವೆ. ಪಾರ್ಶ್ವವಾಯು ಅಂತಲೂ ಅನ್ನುತ್ತೇವೆ. ಡಾಕ್ಟರು ಸ್ಟ್ರೋಕ್ ಅನ್ನುತ್ತಾರೆ. ಮೂರೂ ಒಂದೇ. ಇದು ಗಾಳಿ ಸೋಕಿ ಬರುವುದಲ್ಲ. ಯಾರೋ ಮಾಟ ಮಾಡಿದ್ದೂ ಅಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟಗಾಗುತ್ತದೆ. ಒಂದು ಕಡೆಯ ಕೈ ಕಾಲು ಬಿದ್ದುಹೋಗುತ್ತದೆ. ಮಾತು ತೊದಲುತ್ತದೆ. ಇವುಗಳಲ್ಲಿ ಒಂದು ಕಂಡರೂ ಸಾಕು, ಹೊರಡಬೇಕು.

ನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆದೀತು. ಅದಕ್ಕೇ ಮೊದಲು ತಲೆಯ ಸ್ಕ್ಯಾನ್ ಮಾಡುತ್ತಾರೆ. ಎಣ್ಣೆ ತಿಕ್ಕುತ್ತಾ ಮನೆಯಲ್ಲೇ ಕೂತರೆ ಈ ಹೊತ್ತು ಕಳೆದೇ ಹೋಗುತ್ತದೆ.

ಆಸ್ಪತ್ರೆಯಲ್ಲಿ ಕೇಳುವ ಮೊದಲ ಮಾತು, "ಯಾವಾಗ ಶುರುವಾಯಿತು?" ಉತ್ತರ ನೀವೇ ಹೇಳಬೇಕು. ಯಾಕೆಂದರೆ ಮಲಗಿದವರಿಗೆ ಬಾಯಿ ಬರುತ್ತಿಲ್ಲ.

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯವರು ಗೋವಾಕ್ಕೆ ದುಡಿಯಲು ಹೋಗುತ್ತಾರಲ್ಲ. ಅಲ್ಲಿ ಒಬ್ಬ ಅಕ್ಕನ ಗಂಡನಿಗೆ ಬೆಳಿಗ್ಗೆ 8 ಗಂಟೆಗೆ ಲಕ್ವ ಹೊಡೆಯಿತು ಅನ್ನಿ. 10 ಗಂಟೆಗೆ ಆಸ್ಪತ್ರೆ ಮುಟ್ಟಿದರು. ಡಾಕ್ಟರು ಹಿಂದಿಯಲ್ಲಿ ಕೇಳಿದರು. ಅಕ್ಕನಿಗೆ ಹಿಂದಿ ಅಷ್ಟಕ್ಕಷ್ಟೇ. "ಆಠ್ ಘಂಟಾ" ಅಂದಳು.

ನಮ್ಮ ಮಾತಿನಲ್ಲಿ ಎಂಟು ಗಂಟೆ ಅಂದರೆ ಗಡಿಯಾರದ ಎಂಟೂ ಹೌದು, ಎಂಟು ತಾಸೂ ಹೌದು. ಹಿಂದಿಯಲ್ಲಿ ಹಾಗಲ್ಲ. ಘಂಟಾ ಅಂದರೆ ತಾಸು ಮಾತ್ರ. ಗಡಿಯಾರದ ಎಂಟಕ್ಕೆ "ಆಠ್ ಬಜೇ" ಅನ್ನಬೇಕು. ಡಾಕ್ಟರಿಗೆ ಕೇಳಿಸಿದ್ದು, ಎಂಟು ತಾಸು ಆಯಿತು ಅಂತ. ಆಗಿದ್ದು ಎರಡೇ ತಾಸು! ಕೊಡಬಹುದಾಗಿದ್ದ ಇಂಜೆಕ್ಷನ್ ಕೈತಪ್ಪಲು ಇಷ್ಟು ಸಾಕು.

ಹೆಂಗಸಿಗೆ ಭಾಷೆ ಬರೋದಿಲ್ಲ ಅಂತ ಬೈಯುವುದು ಸುಲಭ. ಆದರೆ ಕನ್ನಡದ ಕೂಲಿಗಳು ಇಷ್ಟೊಂದು ಇರುವ ಕಡೆ, ಕನ್ನಡ ಬಲ್ಲವರೊಬ್ಬರನ್ನು ಕರೆಸುವುದು ಆಸ್ಪತ್ರೆಯವರ ಕೆಲಸವೇ. ನಾವು ಕೇಳಬೇಕು. ನಾಚಿಕೆ ಬೇಡ.

ಕರೆಸುವ ತನಕ ಏನು ಮಾಡೋದು? ನೀವು ಈಗ ಅಂಕಿ ಬರೆಯಬಲ್ಲಿರಿ. ಚೀಟಿಯಲ್ಲಿ 8 ಅಂತ ಬರೆಯಿರಿ. ಕನ್ನಡದ ಅಂಕಿ ಅಲ್ಲ, ಮೊಬೈಲಿನಲ್ಲಿ ಇರುತ್ತದಲ್ಲ, ಅದು. ಬರೆದು ಗಡಿಯಾರ ತೋರಿಸಿ. ಲಕ್ವ ಅನ್ನುವ ಮಾತು ಮಾತ್ರ ಹಿಂದಿಯವರಿಗೂ ಮರಾಠಿಯವರಿಗೂ ತಿಳಿಯುತ್ತದೆ.

ರಾತ್ರಿ 10ಕ್ಕೆ ಚೆನ್ನಾಗಿಯೇ ಮಲಗಿದವರು ಬೆಳಿಗ್ಗೆ ಏಳುವಾಗ ಕೈ ಬಿದ್ದಿದ್ದರೆ? ಎದ್ದ ಹೊತ್ತು ಒಂದನ್ನೇ ಹೇಳಬೇಡಿ. ಕೊನೆಗೆ ಚೆನ್ನಾಗಿ ಇದ್ದದ್ದನ್ನು ನೋಡಿದ್ದು ಯಾವಾಗ, ಅದನ್ನೂ ಹೇಳಿ. ಹೊತ್ತು ಮೀರಿತು ಅಂತ ಮನೆಯಲ್ಲೇ ಉಳಿಯಲೂ ಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ಕೆಲವರಿಗೆ ತಡವಾದ ಮೇಲೂ ಹೆಪ್ಪನ್ನು ನಳಿಕೆಯಿಂದ ಹೊರಗೆ ಎಳೆಯುತ್ತಾರೆ.

ದೂರ ಹೋಗಬೇಕಾಗಿಲ್ಲ, ನಮ್ಮ ತಾಂಡಾಗಳನ್ನೇ ನೋಡಿ. ಅಜ್ಜಿ ಆಡುವುದು ಲಂಬಾಣಿ, ನರ್ಸಮ್ಮ ಆಡುವುದು ಕನ್ನಡ. ಅಜ್ಜಿಯ ಮಾತು ತೊದಲುತ್ತಿದೆಯೋ, ಅದು ಅವಳ ಮಾತೇ ಹಾಗೋ, ನರ್ಸಮ್ಮನಿಗೆ ಹೇಗೆ ಗೊತ್ತಾಗಬೇಕು? ಎರಡು ಭಾಷೆ ಬಲ್ಲವರಿಗೂ ಲಕ್ವ ಹೊಡೆದಾಗ ಕಲಿತ ಭಾಷೆ ಹೋಗಿ ತಾಯಿಯ ಮಾತಷ್ಟೇ ಉಳಿಯುವುದುಂಟು. ಅದಕ್ಕೇ ಎರಡೂ ಬಲ್ಲ ಸೊಸೆಯೋ, ನೆರೆಯವಳೋ ಗಾಡಿಯಲ್ಲಿ ಜೊತೆಗೆ ಹೋಗಬೇಕು. "ನಿನ್ನೆ ಹೀಗೆ ಮಾತಾಡುತ್ತಿರಲಿಲ್ಲ" ಅಂತ ಒಂದು ಮಾತು ಹೇಳಿದರೆ ಸಾಕು.

108ಕ್ಕೆ ಫೋನ್ ಮಾಡಿ. ಗಾಡಿಗೆ ದುಡ್ಡಿಲ್ಲ. ಗೋವಾದಲ್ಲೂ ಅದೇ ನಂಬರು. ಲಕ್ವ ಅಂತಲೇ ಹೇಳಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರಕೊಂಡು ಹೋಗಿ ಅನ್ನಿ. ಗಾಡಿ ಬರುವ ತನಕ ನೀರು, ಚಹಾ ಏನೂ ಕುಡಿಸಬೇಡಿ. ನುಂಗಲು ಆಗದೆ ಶ್ವಾಸಕ್ಕೆ ಹೋದೀತು. ದಿನಾ ನುಂಗುವ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಯಾವುದು ಅಂತ ಕೇಳುತ್ತಾರೆ. ರಕ್ತ ತೆಳುವಾಗುವ ಗುಳಿಗೆ ಇದ್ದರಂತೂ ತಿಳಿಸಲೇಬೇಕು. ಹೆಸರು ಹೇಳಲು ಒದ್ದಾಡಬೇಡಿ. ಗುಳಿಗೆಯ ಚೀಟಿ, ಖಾಲಿ ಪಟ್ಟಿ ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡು ಹೊರಡಿ.