ಅಮ್ಮನ ಹಾಡಿನ ಪುಸ್ತಕ ಮತ್ತು ಕೊಚ್ಚಿಯ ಯಹೂದಿ ಹೆಂಗಸರು

(ಹೈದರಾಬಾದಿನ ಕೊಂಡಾಪುರದಲ್ಲಿ ನಮ್ಮ ತಿಂಗಳ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ.)

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ಹೋದ ತಿಂಗಳು ಇಲ್ಲಿಂದ ಹೊರಡುವಾಗ, ಲಿಫ್ಟ್ ಹತ್ತಿರ ನಿಮ್ಮಲ್ಲೇ ಒಬ್ಬರು ಕೇಳಿದರು. "ತಿಂಗಳಿಗೊಂದು ಸಲ ಸೇರ್ತೀವಿ, ಚಿತ್ರಾನ್ನ ತಿಂತೀವಿ, ನಾಲ್ಕು ಮಾತು ಕನ್ನಡದಲ್ಲಿ ಆಡ್ತೀವಿ. ಇದರಿಂದ ಏನಾಗುತ್ತೆ?" ನಮ್ಮನೆಯವರ ಭಾಷೆಯಲ್ಲಿ ಇದು ಕಿಟ್ಟಿ ಪಾರ್ಟಿ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಇವತ್ತು ಸ್ವಲ್ಪ ತಯಾರಾಗಿ ಬಂದಿದ್ದೀನಿ.

ಮೊದಲು ನನ್ನ ಮನೆಯ ಸುದ್ದಿ. ನಮ್ಮಮ್ಮ ಒಂದು ಹಾಡಿನ ಪುಸ್ತಕ ಇಟ್ಟಿದ್ದರು. ಇನ್ನೂರು ಪುಟದ ನೋಟ್‌ಬುಕ್, ಕ್ಯಾಲೆಂಡರ್ ಕಾಗದದ ರಟ್ಟು. ಆರತಿ ಹಾಡು, ಹಸೆಗೆ ಕರೆಯೋ ಹಾಡು, ತೊಟ್ಟಿಲ ಹಾಡು, ಬೀಗರನ್ನು ಕಿಚಾಯಿಸೋ ಹಾಡು, ಎಲ್ಲ ಅದರಲ್ಲಿತ್ತು. ಅಮ್ಮ ಹೋಗಿ ಎರಡು ವರ್ಷ ಆಯ್ತು. ಈ ಬೇಸಿಗೆಯಲ್ಲಿ ತಮ್ಮನ ಮದುವೆ. ಪುಸ್ತಕ ತಗೊಂಡು ಹೋದೆ, ಹಸೆ ಮುಂದೆ ಕೂತೆ, ಪುಟ ತೆರೆದೆ. ಹಾಡಿನ ಮೇಲೆ ಅಮ್ಮ ಬರೆದಿದ್ದು ಇಷ್ಟೇ: "ಧಾಟಿ: ಹಿಂದಿನ ಹಾಡಿನಂತೆ." ಹಿಂದಿನ ಪುಟ ತಿರುಗಿಸಿದೆ. ಅಲ್ಲೂ "ಹಿಂದಿನ ಹಾಡಿನಂತೆ." ಹಾಗೇ ಹೋಗ್ತಾ ಹೋಗ್ತಾ ಮೊದಲ ಹಾಡಿಗೆ ಬಂದರೆ, ಆ ಧಾಟಿ ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಸೋದರತ್ತೆಗೆ ಅರ್ಧ ನೆನಪು. ಅಷ್ಟರಲ್ಲಿ ಬ್ಯಾಂಡಿನವರು ಶುರು ಮಾಡಿದರು. ನಾನು ಪುಸ್ತಕ ಮುಚ್ಚಿದೆ.

ಅಕ್ಷರ ಇತ್ತು, ಹಾಡು ಇರಲಿಲ್ಲ. ಆ ಹಾಡುಗಳನ್ನು ನನ್ನೆದುರಿಗೇ ನೂರು ಸಲ ಹಾಡಿದ್ದಾರೆ. ನಾನು ಒಂದು ಸಲವೂ ಪಕ್ಕ ಕೂತು ಕಲಿಯಲಿಲ್ಲ.

ಈಗ ಕೊಚ್ಚಿಗೆ ಬರೋಣ. ಕೆಲವು ವರ್ಷದ ಹಿಂದೆ ನಮ್ಮ ಟೀಮ್ ಔಟಿಂಗ್ ಅಲ್ಲಿಗೆ ಹೋಗಿತ್ತು. ಮಟ್ಟಂಚೇರಿಯ ಪರದೇಸಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, 1568ರದ್ದು. ಎಲ್ಲರ ಹಾಗೆ ನಾನೂ ನೀಲಿ-ಬಿಳಿ ಚೀನಾ ಟೈಲ್ಸ್ ನೋಡಿದೆ, ಗಡಿಯಾರದ ಗೋಪುರ ನೋಡಿದೆ, ಫೋಟೋ ತೆಗೆದೆ, ಬಂದೆ. ಅಲ್ಲಿನ ಹೆಂಗಸರ ವಿಷಯ ತಿಳಿದದ್ದು ಆಮೇಲೆ, ರೂಬಿ ಡೇನಿಯಲ್ ಅನ್ನೋವರ ಬಗ್ಗೆ ಓದಿದಾಗ. 1912ರಲ್ಲಿ ಕೊಚ್ಚಿಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಕೆಲಸ ಮಾಡಿದವರು. 1951ರಲ್ಲಿ ಇಸ್ರೇಲಿಗೆ ಹೋದರು.

ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳದಲ್ಲಿ ಹಾಡ್ತಿದ್ದರು. ಮದುವೆಗೆ ಹಾಡು, ಹಬ್ಬಕ್ಕೆ ಹಾಡು, ಹೊಸ ಸಿನಗಾಗ್ ಕಟ್ಟಿದರೆ ಅದಕ್ಕೂ ಹಾಡು. ಹೀಬ್ರೂ ಪ್ರಾರ್ಥನಾಗೀತೆಗಳನ್ನೂ ಹಾಡ್ತಿದ್ದರು. ಸಂಪ್ರದಾಯಸ್ಥ ಯಹೂದಿಗಳಲ್ಲಿ ಎಷ್ಟೋ ಕಡೆ ಗಂಡಸರ ಎದುರು ಹೆಂಗಸರು ಹಾಡುವ ಹಾಗಿಲ್ಲ. ಕೊಚ್ಚಿಯಲ್ಲಿ ಆ ಕಟ್ಟು ಇರಲಿಲ್ಲ. ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಮಲಯಾಳ ಲಿಪಿಯಲ್ಲಿ ಬರೆದಿಡ್ತಿದ್ದರು. ಅಜ್ಜಿಯ ಪುಸ್ತಕ ನೋಡಿ ಮೊಮ್ಮಗಳು ನಕಲು ಮಾಡಿಕೊಳ್ಳೋದು. ನಮ್ಮಮ್ಮನ ಪುಸ್ತಕದ ಹಾಗೇ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಅಲ್ಲಿನ ಯಹೂದಿಗಳಲ್ಲೂ ಮೇಲು-ಕೀಳು ಇತ್ತು. ಪರದೇಸಿ ಸಿನಗಾಗಿನಲ್ಲಿ ರೂಬಿಯವರ ಕಡೆಯವರಿಗೆ ಬಹಳ ಕಾಲ ಸಮಾನ ಸ್ಥಾನ ಇರಲಿಲ್ಲ. ಗುಂಪುಗುಂಪಿಗೆ ಸಿನಗಾಗ್ ಬೇರೆ, ಮದುವೆ ಸಂಬಂಧ ಬೇರೆ. ಆದರೆ ಬೇರೆ ಬೇರೆ ಗುಂಪಿನ ಹೆಂಗಸರ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅವೇ ಹಾಡುಗಳು ಸಿಗ್ತವೆ. ಗಂಡಸರು ಗೋಡೆ ಕಟ್ಟಿಕೊಂಡಿದ್ದ ಕಡೆ ಹಾಡು ಗೋಡೆ ದಾಟಿತ್ತು.

1950ರ ದಶಕದಲ್ಲಿ ಅವರಲ್ಲಿ ಬಹುತೇಕ ಎಲ್ಲರೂ ಇಸ್ರೇಲಿಗೆ ಹೋದರು. ಪೆಟ್ಟಿಗೆಯಲ್ಲಿ ನೋಟ್‌ಬುಕ್ಕುಗಳೂ ಹೋದವು. ಆದರೆ ಅಲ್ಲಿ ಹೊಲದ ಕೆಲಸ, ಹೊಸ ಭಾಷೆ, ಮಕ್ಕಳಿಗೆ ಹೀಬ್ರೂ ಶಾಲೆ. ಮಕ್ಕಳು ಮಲಯಾಳ ಬಿಟ್ಟರು. ಮದುವೆಗಳಲ್ಲಿ ಹಳೇ ಹಾಡು ಕಡಿಮೆಯಾಯ್ತು. ಓದೋರಿಲ್ಲದ ಲಿಪಿ, ಹಾಡೋರಿಲ್ಲದ ಧಾಟಿ.

ಕೇಳ್ತಾ ಇದ್ದರೆ ಯಾರ ಕಥೆ ಅನ್ನಿಸುತ್ತೆ ಹೇಳಿ? ನನ್ನ ಮಗಳಿಗೆ ಹನ್ನೊಂದು ವರ್ಷ. ನಾನು ಕನ್ನಡದಲ್ಲಿ ಕೇಳ್ತೀನಿ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾಳೆ. ಶಾಲೆಯಲ್ಲಿ ತೆಲುಗು ಬರೀತಾಳೆ, ಹಿಂದಿ ಬರೀತಾಳೆ. ಅಜ್ಜಿಯ ಪುಸ್ತಕ ಅವಳ ಕೈಗೆ ಕೊಟ್ಟರೆ ಅದು ಬರೀ ದುಂಡು ಗೆರೆ. "ತೆಲುಗು ಥರಾನೇ ಇದೆ" ಅಂದಳು. ಅಷ್ಟೇ ಪುಣ್ಯ.

ಕೊಚ್ಚಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 1970ರ ದಶಕದಿಂದ ಬಾರ್ಬರಾ ಜಾನ್ಸನ್ ಎಂಬ ವಿದ್ವಾಂಸರು ಮತ್ತು ಅವರ ಜೊತೆಯವರು ಮನೆಮನೆಗೆ ಹೋಗಿ ಅಜ್ಜಿಯರ ಹಾಡು ರೆಕಾರ್ಡ್ ಮಾಡಿದರು. ಪುಸ್ತಕಗಳನ್ನು ಸೇರಿಸಿದರು. ರೂಬಿ ಡೇನಿಯಲ್ ತಮ್ಮ ಇಳಿವಯಸ್ಸಿನಲ್ಲಿ ಕೂತು ಎಷ್ಟೋ ಹಾಡುಗಳನ್ನು ಇಂಗ್ಲಿಷಿಗೆ ತಂದರು. ಕೇರಳದ ಸ್ಕರಿಯಾ ಜಕರಿಯಾ ಮತ್ತು ಇಸ್ರೇಲಿನ ಓಫಿರಾ ಗಮ್ಲಿಯೇಲ್ 2005ರಲ್ಲಿ ಹಾಡುಗಳ ಸಂಕಲನವನ್ನು ಹೀಬ್ರೂ ಅನುವಾದದ ಜೊತೆ ಹೊರತಂದರು. ಅದಕ್ಕೂ ಒಂದು ವರ್ಷ ಮೊದಲು ಹಾಡುಗಳ ಸಿಡಿ ಬಂದಿತ್ತು.

ಪಂಡಿತರ ಕೆಲಸ ದೊಡ್ಡದೇ. ಆದರೆ ಹಾಡು ಮತ್ತೆ ಬಾಯಿಗೆ ಬಂದದ್ದು ಹೆಂಗಸರು ಒಟ್ಟಿಗೆ ಕೂತಾಗ. ನಿರಿತ್ ಅಂತ ಕೊಚ್ಚಿ ಮೂಲದ ಹೆಂಗಸರದೇ ಒಂದು ಗುಂಪು ಅಲ್ಲಿದೆ. ಸೇರ್ತಾರೆ, ಹಳೇ ಮಲಯಾಳ ಹಾಡು ಅಭ್ಯಾಸ ಮಾಡ್ತಾರೆ, ವೇದಿಕೆ ಮೇಲೆ ಹಾಡ್ತಾರೆ.

ಯಹೂದಿ ಹೆಂಗಸರಲ್ಲಿ ಹೀಗೆ ಸೇರಿ ಕಲಿಯುವ ರೂಢಿ ಬೇರೆ ಕಡೆಗಳಲ್ಲೂ ಇದೆ. ನ್ಯೂಯಾರ್ಕಿನಲ್ಲಿ ಹೆನ್ರಿಯೆಟ್ಟಾ ಝೋಲ್ಡ್ ಅನ್ನೋವರು ಒಂದು ಅಧ್ಯಯನ ಬಳಗಕ್ಕೆ ಸೇರಿದ್ದರು. ಓದೋದು, ಚರ್ಚೆ ಮಾಡೋದು, ಅಷ್ಟೇ. ಅಂಥ ಓದಿನಿಂದಲೇ 1912ರಲ್ಲಿ ಹದಾಸಾ ಎಂಬ ಸಂಸ್ಥೆ ಹುಟ್ಟಿತು. ಮರುವರ್ಷ ಇಬ್ಬರು ನರ್ಸುಗಳನ್ನು ಜೆರುಸಲೇಮಿಗೆ ಕಳಿಸಿದರು. ಇವತ್ತು ಅಲ್ಲಿ ಅದೇ ಹೆಸರಿನ ದೊಡ್ಡ ಆಸ್ಪತ್ರೆಗಳಿವೆ.

ಅಷ್ಟು ದೂರ ಯಾಕೆ, ನಮ್ಮ ಹೈದರಾಬಾದನ್ನೇ ನೋಡಿ. ಏರ್‌ಪೋರ್ಟಿಗೆ ಹೋಗುವಾಗ ಮೆಹದಿಪಟ್ಟಣಂ ದಾಟ್ತೀವಲ್ಲ, ಅಲ್ಲೇ ಪಕ್ಕದಲ್ಲಿ ಹುಮಾಯೂನ್ ನಗರ. ಸುಘ್ರಾ ಹುಮಾಯೂನ್ ಮಿರ್ಜಾ ಎಂಬ ಉರ್ದು ಲೇಖಕಿ, ಪರ್ದಾ ಕಟ್ಟುನಿಟ್ಟಾಗಿದ್ದ ಕಾಲದಲ್ಲಿ, 1919ರಲ್ಲಿ ಅಂಜುಮನ್-ಎ-ಖವಾತೀನ್-ಎ-ದಖನ್ ಅಂತ ಹೆಂಗಸರ ಸಂಘ ಕಟ್ಟಿದರು. ಪತ್ರಿಕೆ ನಡೆಸಿದರು. 1934ರಲ್ಲಿ ಹೆಣ್ಣುಮಕ್ಕಳಿಗಾಗಿ ಸಫ್ದರಿಯಾ ಶಾಲೆ ತೆರೆದರು. ನಾವು ಟ್ರಾಫಿಕ್ ಬೈಯ್ಯುತ್ತಾ ಹೋಗೋ ದಾರಿಯಲ್ಲೇ ಇದೆಲ್ಲ ನಡೆದದ್ದು.

ನಾವು ಆಸ್ಪತ್ರೆ ಕಟ್ಟೋಣ, ಶಾಲೆ ತೆರೆಯೋಣ ಅಂತ ನಾನು ಹೇಳ್ತಿಲ್ಲ. ನಮ್ಮಲ್ಲಿ ಅರ್ಧ ಜನಕ್ಕೆ ನಾಳೆ ಬೆಳಿಗ್ಗೆ ಎಂಟಕ್ಕೆ ಕಾಲ್ ಇದೆ. ನಾನು ಕೇಳೋದು ಚಿಕ್ಕದು. ಊಟಕ್ಕೆ ಮುಂಚೆ ನಲವತ್ತು ನಿಮಿಷ ಕಲಿಕೆಗೆ ಇಡೋಣ. ತಿಂಗಳಿಗೆ ಒಂದೇ ಹಾಡು. ಒಬ್ಬರು ಹೇಳಿಕೊಡಲಿ, ಉಳಿದವರು ಕೈಯಲ್ಲಿ ಬರೆದುಕೊಳ್ಳಲಿ, ಕನ್ನಡ ಅಕ್ಷರದಲ್ಲೇ. ಮಕ್ಕಳು ಪಕ್ಕದಲ್ಲಿ ಕೂತು ಬರೆಯಲಿ. ತಪ್ಪಾದರೆ ಆಗಲಿ. ಅತ್ತೆ, ಅಮ್ಮ ಯಾರಾದರೂ ಊರಿಂದ ಬಂದಿದ್ದರೆ ಅವರನ್ನ ಟಿವಿ ಮುಂದೆ ಬಿಟ್ಟು ಬರಬೇಡಿ, ಕರ್ಕೊಂಡು ಬನ್ನಿ. ಅವತ್ತಿನ ಮೇಷ್ಟ್ರು ಅವರೇ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಆದರೆ ರೆಕಾರ್ಡ್ ಇದೆ ಅಂತ ಕಲಿಯೋದು ಬಿಡಬೇಡಿ. ಪುಸ್ತಕ ಇದೆ ಅಂತ ನಾನು ಬಿಟ್ಟ ಹಾಗೆ.

ನಮ್ಮಲ್ಲಿ ಧಾರವಾಡದವರಿದ್ದೀರಿ, ಮಂಡ್ಯದವರಿದ್ದೀರಿ, ಬೀದರಿನವರಿದ್ದೀರಿ, ಕುಂದಾಪುರದವರಿದ್ದೀರಿ. ಮನೆದೇವರು ಬೇರೆ, ಅಡುಗೆ ಬೇರೆ, ಜಾತಿ ಬೇರೆ. ಕೊಚ್ಚಿಯ ಹೆಂಗಸರ ಪುಸ್ತಕಗಳನ್ನು ನೆನಪಿಟ್ಟುಕೊಳ್ಳಿ. ಒಬ್ಬರ ಮನೆಯ ಹಾಡನ್ನು ಇನ್ನೊಬ್ಬರು ಬರೆದುಕೊಂಡರೆ ಯಾರ ಗಂಟೂ ಹೋಗಲ್ಲ.

ಮುಂದಿನ ತಿಂಗಳು ಸೋದರತ್ತೆ ಬರ್ತಿದ್ದಾರೆ. ಟಿಕೆಟ್ ಮಾಡಿಸಿದ್ದೀನಿ. ಅವರಿಗೆ ನೆನಪಿರೋ ಆ ಅರ್ಧ ಧಾಟಿಯಿಂದ ಶುರು ಮಾಡೋಣ. ಉಳಿದರ್ಧ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇರಬಹುದು.

ಚಿತ್ರಾನ್ನ ಆರಿ ಹೋಗ್ತಿದೆ, ನಿಲ್ಲಿಸ್ತೀನಿ.